ಅಲೀಮನ ಹರಿಗೋಲು

ಅದು ಶುರುವಾದದ್ದು ಮಾರ್ಚ್ ತಿಂಗಳ ಎರಡನೆಯ ಸೋಮವಾರ, ಚಳಿಗಾಲ ಹೋಗಲೋ ಇರಲೋ ಎಂದು ಹೊಸ್ತಿಲ ಮೇಲೆ ನಿಂತಿದ್ದ ದಿನಗಳಲ್ಲಿ, ಬೆಳಿಗ್ಗೆ ಒಂಬತ್ತು ದಾಟಿದ ಹೊತ್ತಿಗೆ. ಪಡುವಣ ಗಾಳಿ ಎದ್ದಿತ್ತು. ಕಲ್ಲಿನಾಥ ಸೇಂಟ್ ಕ್ಲೇರ್ ಸರೋವರದ ದಂಡೆಯ ಬೆಂಚಿನ ಮೇಲೆ ಕೂತಿದ್ದ. ಅವನ ಗೆಳೆಯ ಅಲೀಮ ಹೆಪ್ಪುಗಟ್ಟಿದ ನೀರಿನ ಮೇಲೆ ನೂರು ಹೆಜ್ಜೆ ಆಚೆ, ಬಕೆಟ್ ಬೋರಲು ಹಾಕಿಕೊಂಡು, ಕೊರೆದ ತೂತಿನಲ್ಲಿ ಗಾಳ ಬಿಟ್ಟು, ದಂಡೆಗೆ ಬೆನ್ನು ಮಾಡಿ ಕೂತಿದ್ದ. ಆ ಹೊತ್ತು ಅಲ್ಲೇ ನಿಂತುಬಿಟ್ಟಿತ್ತು. ಅದರ ಮೇಲೆ ಎಷ್ಟೋ ದಿನ ಬಂದುಹೋಗಿದ್ದವು, ಹಿತ್ತಲಿನ ಹಿಮ ಕರಗಿ ಮಣ್ಣು ಕಂಡಿತ್ತು, ಆ ಮಣ್ಣಿನಲ್ಲಿ ಮೆಂತ್ಯ ಹುಟ್ಟಿ ಎರಡು ಸಲ ಕಿತ್ತಾಗಿತ್ತು. ಈಗ ಜುಲೈ. ಸ್ಟರ್ಲಿಂಗ್ ಹೈಟ್ಸ್‌ನ ಮಗನ ಮನೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಲ್ಲಿನಾಥ ಮೂರನೆಯ ಸಲದ ಮೆಂತ್ಯ ಕೀಳುತ್ತಿದ್ದ. ಬೆರಳುಗಳು ಎಳೆಯದನ್ನೂ ಬಲಿತದ್ದನ್ನೂ ತಾವಾಗಿ ಬೇರೆ ಮಾಡುತ್ತಿದ್ದವು. ಮನಸ್ಸು ಮಾತ್ರ ಒಂದೇ ಮಾತನ್ನು ಎತ್ತಿ ಇಳಿಸಿ ಮಾಡುತ್ತಿತ್ತು: ಇವತ್ತು ಹೇಳಬೇಕು. ಹನ್ನೊಂದಕ್ಕೆ ಫರೀದಾ ಹೊರಡುತ್ತಾಳೆ, ಅಷ್ಟರೊಳಗೆ ಹೇಳಬೇಕು.

ಫರೀದಾ ಅಲೀಮನ ಹೆಂಡತಿ. ಅದೇ ಬಡಾವಣೆಯಲ್ಲಿ ಆರು ಮನೆ ಆಚೆ. ಗಂಡ ಹೋದ ಮೇಲೆ ಅವರಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಕದಲುವುದಿಲ್ಲ, ಹೊರಗಿನ ಗಂಡಸರ ಎದುರು ಬರುವುದಿಲ್ಲ. ಆ ಇದ್ದತ್ ನಿನ್ನೆಗೆ ಮುಗಿದಿತ್ತು. ಮಗಳು ಹಾದಿಯಾ ಚಿಕಾಗೋ ಹತ್ತಿರದ ವುಡ್‌ರಿಡ್ಜ್‌ನಿಂದ ಕಾರು ತಂದು, ತಾಯಿಯನ್ನು ಕರೆದುಕೊಂಡು ಹೋಗಲು ನಿಂತಿದ್ದಳು. ಇಷ್ಟು ದಿನ ಕಲ್ಲಿನಾಥ ವಾರಕ್ಕೊಮ್ಮೆ ಒಂದು ಸ್ಟೀಲ್ ಡಬ್ಬಿಯಲ್ಲಿ ಸೊಪ್ಪನ್ನೋ ಹಸಿಕಡಲೆಯನ್ನೋ ಅವಳ ಬಾಗಿಲ ಹೊರಗೆ ಇಟ್ಟು, ಗಂಟೆ ಒತ್ತಿ, ಅವಳು ಬಾಗಿಲು ತೆಗೆಯುವ ಮೊದಲೇ ತಿರುಗಿ ಬಂದುಬಿಡುತ್ತಿದ್ದ. ಮರುದಿನ ಡಬ್ಬಿ ತೊಳೆದು ಅದೇ ಮೆಟ್ಟಿಲ ಮೇಲೆ ಇರುತ್ತಿತ್ತು. ಬರಿದು ಡಬ್ಬಿ ತಿರುಗಿ ಕೊಡಬಾರದೆಂದು ಒಳಗೆ ಒಂದು ಚಿಟಿಕೆ ಸಕ್ಕರೆ. ಆ ಸಕ್ಕರೆಯನ್ನು ಕಂಡಾಗಲೆಲ್ಲ ಅವನು ಡಬ್ಬಿಯನ್ನು ಬೇಗ ಮುಚ್ಚಿಬಿಡುತ್ತಿದ್ದ. ಪದ್ಧತಿ ಅವಳಿಗೆ ಮುಖ ತೋರಿಸದಂತೆ ಮಾಡಿದ್ದು ತನ್ನ ಪುಣ್ಯ ಎಂದುಕೊಂಡಿದ್ದ. ಹಾಗೆ ಅಂದುಕೊಂಡದ್ದಕ್ಕೆ ಮತ್ತೆ ನಾಚಿದ್ದ. ಬೆಳಿಗ್ಗೆ ಮಗ ಕಲ್ಮೇಶ್ ಕೆಲಸಕ್ಕೆ ಹೋಗುವಾಗ ಶೂ ಹಾಕಿಕೊಳ್ಳುತ್ತ ಹೇಳಿದ್ದ: "ಅಪ್ಪಾ, ಹೋಗಿ ಮಾತಾಡ್ಸಿ ಬಂದುಬಿಡ್ರಿ. ಬಾಳ ಎಮೋಷನಲ್ ಆಗಬ್ಯಾಡ್ರಿ ಮತ್ತ. ಪಾಪ, ಆಂಟಿ ಈಗರೆ ಸ್ವಲ್ಪ ಸೆಟಲ್ ಆಗ್ಯಾರ."

ಸೆಟಲ್. ಹೊಳೆಯಲ್ಲಿ ರಾಡಿ ಹಾಗೆ ಕೆಳಗೆ ಕೂರುತ್ತದೆ, ಮೇಲೆ ನೀರು ತಿಳಿಯಾಗಿ ಕಾಣುತ್ತದೆ, ಕಾಲಿಟ್ಟವನಿಗಷ್ಟೇ ಗೊತ್ತು. ಕಲ್ಲಿನಾಥನಿಗೆ ಹೊಳೆ ಗೊತ್ತು. ಅವನ ಅಪ್ಪ ಸಂಗಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ಮಗನ ಕೈಗೆ ಹುಟ್ಟು ಕೊಟ್ಟಿದ್ದ. ಮಡು ಎಲ್ಲಿ, ಸುಳಿ ಎಲ್ಲಿ, ಮರಳು ಎಲ್ಲಿ ಮೋಸಮಾಡುತ್ತದೆ, ಒಂದೊಂದಕ್ಕೂ ಹೆಸರಿತ್ತು. ಈ ದೇಶಕ್ಕೆ ಬಂದು ಎಂಟು ವರ್ಷವಾದರೂ ಇಲ್ಲಿನ ನೀರಿನ ಒಂದು ಹೆಸರೂ ಅವನ ನಾಲಿಗೆಗೆ ಹತ್ತಿರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲ ಮೂಸಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ, "ಮೂಸಬ್ಯಾಡ್ರಿ ಯಜಮಾನ್ರ, ಹ್ವಾದ ವರ್ಷದ್ದೇ ಐತಿ ಅದು" ಎಂದಿತ್ತು. ಅದು ಅಲೀಮ, ಕೊಲ್ಹಾರದವನು. ಇಪ್ಪತ್ತಾರು ವರ್ಷ ಕಾರಿನ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ಕಿವಿ ಮಂದವಾಗಿ, ರಿಟೈರ್ ಆಗಿದ್ದ. ಮಾತು ಮಾತಿಗೆ ಊರು ಬಂದು, ಊರಿಗೆ ಹೊಳೆ ಬಂದು, "ಅಂಬಿಗರ ಸಂಗಪ್ಪನ ಮಗಾ ಏನ್ರೀ ನೀವು? ಅವನ ಹರಿಗೋಲಿನ್ಯಾಗ ನಾ ನಮ್ಮವ್ವನ ಸೆರಗು ಹಿಡಕೊಂಡು ಕುಂತು ಅಜ್ಜಿ ಊರಿಗೆ ಹೋಗೀನಿ!" ಎಂದು ಹಿಟ್ಟಿನ ಚೀಲಗಳ ನಡುವೆಯೇ ತಬ್ಬಿಕೊಂಡಿದ್ದ. ಆ ದಿನದಿಂದ ಇಬ್ಬರಿಗೂ ಈ ದೇಶ ಸ್ವಲ್ಪ ಚಿಕ್ಕದಾಯಿತು.

ಚಳಿಗಾಲ ಬಂತೆಂದರೆ ಅಲೀಮನಿಗೆ ಮೀನಿನ ಹುಚ್ಚು. ಪ್ಲಾಂಟಿನ ಗೆಳೆಯರು ಕಲಿಸಿದ್ದು. ಕಲ್ಲಿನಾಥನನ್ನು ಕಾರಿನಲ್ಲಿ ಹಾಕಿಕೊಂಡು ಸರೋವರಕ್ಕೆ ಡ್ರೈವ್ ಮಾಡುತ್ತಿದ್ದ. ಕಲ್ಲಿನಾಥ ಹೆಪ್ಪಿನ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. "ನೀರು ಸತ್ತಂಗ ಮಾಡತೈತಿ, ಸತ್ತಿರೂದಿಲ್ಲ" ಎನ್ನುತ್ತ ಬೆಂಚಿನ ಮೇಲೆ ಕೂತು, ಫರೀದಾ ಕೊಟ್ಟ ಥರ್ಮಾಸಿನ ಚಹಾ ಕುಡಿಯುತ್ತ, ಗೆಳೆಯನ ಬೆನ್ನು ಕಾಯುತ್ತಿದ್ದ. ಈ ವರ್ಷ ಜನವರಿಯಲ್ಲಿ ಒಂದು ದಿನ ಗಾಳಿ ಬೀಸಿ, ದೂರದ ತೆರವು ನೀರಿನಲ್ಲಿ ಹೆಪ್ಪಿನ ಬಿಲ್ಲೆಗಳು ತೇಲುತ್ತಿದ್ದವು. ದೊಡ್ಡದು ಸಣ್ಣದು, ಒಂದಕ್ಕೊಂದು ಬಡಿದು ಅಂಚೆಲ್ಲ ಸವೆದು ದುಂಡಗಾಗಿ, ಸುತ್ತಲೂ ಬಿಳಿ ದಿಂಡು ಎದ್ದು ನಿಂತಿತ್ತು.

"ಕಲ್ಲಣ್ಣಾ, ಅದಕ್ಕ ನಮ್ಮ ಮಾತಿನ್ಯಾಗ ಏನಂತಾರೋ?"

"ನಮ್ಮ ಕಡೆ ಅದು ಇದ್ದರ ಅಲ್ಲೇನು ಹೆಸರು? ಹುಟ್ಟಲಾರದ ಕೂಸಿಗೆ ಕುಲಾವಿ ಹೊಲಿಯೋಣೇನು?"

"ನೀ ಸಾಲಿ ಕಲ್ತಿಲ್ಲ, ಅದಕ್ಕ ಗೊತ್ತಿಲ್ಲ."

"ನೀ ಕಲ್ತೀಯಲ್ಲಾ, ನೀನ ಹೇಳು."

"ನಾ ಕಲ್ತದ್ದು ಉರ್ದು ಸಾಲಿ. ಅದರಾಗೂ ಬಿಸಲಿನ ಮಂದೀನ ಬರದಾರ." ಅಲೀಮ ಕಣ್ಣು ಕಿರಿದು ಮಾಡಿ ನೋಡಿದ. "ರೊಟ್ಟಿ ಅನ್ನೋಣೇನು? ಬ್ಯಾಡ, ಹಸಿವಿ ಆಗತೈತಿ. ಮೊಸರು? ನಮ್ಮ ಕೊಲ್ಹಾರದ ಗಡಿಗಿ ಮೊಸರು ಹಾಂಗ ಕುಂತೈತಿ ನೋಡು, ಬೋರಲ ಹಾಕಿದರೂ ಬೀಳಂಗಿಲ್ಲ." ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ಲೇ! ಹರಿಗೋಲಲೇ ಅದು! ನಿಮ್ಮಪ್ಪನ ಹರಿಗೋಲು! ಸುತ್ತ ದಿಂಡು ನೋಡು. ಅಂಬಿಗ ಒಬ್ಬಾಂವ ಇಲ್ಲ ನೋಡು."

ಅಂದಿನಿಂದ ಅದು ಹರಿಗೋಲೇ. ಕಾರು ಪಾರ್ಕು ಸೇರುವ ಮೊದಲೇ ಅಲೀಮ, "ನೋಡಪಾ, ಇವತ್ತ ಎಷ್ಟು ಹರಿಗೋಲು ಬಿಟ್ಟಾರ" ಎನ್ನುತ್ತಿದ್ದ. ಕಲ್ಲಿನಾಥನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಈ ಪರದೇಶದ ನೀರಿನ ಒಂದು ವಸ್ತುವಾದರೂ ತನ್ನ ಬಾಯಿಗೆ ಬಂತಲ್ಲ, ಅದೂ ಅಪ್ಪನ ಕೈಯ ವಸ್ತುವಾಗಿ. ಆ ಖುಷಿಯೇ ಕುತ್ತಿಗೆಗೆ ಬಂದೀತೆಂದು ಯಾರು ಬಲ್ಲರು? ಹಿತ್ತಲಿನಲ್ಲಿ ಅವನು ಮೆಂತ್ಯದ ಬೇರಿನ ಮಣ್ಣು ಕೊಡವಿ ಎದ್ದು ನಿಂತ. ಇಲ್ಲಿನ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು ಎಂದು ರೇಡಿಯೋದಲ್ಲಿ ಹೇಳಿದ್ದರು. ಬೆನ್ನ ಮೇಲೆ ಮಾತ್ರ ಆ ಪಡುವಣ ಗಾಳಿ ಇನ್ನೂ ಬಡಿಯುತ್ತಿತ್ತು.

ಬೆನ್ನ ಮೇಲೆ, ಹೌದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಸೋಮವಾರ ಗಾಳಿ ಅವನ ಬೆನ್ನಿನಿಂದ ಅಲೀಮನ ಕಡೆಗೇ ಬೀಸುತ್ತಿತ್ತು, ಕರೆದಿದ್ದರೆ ಕರೆದ ಮಾತನ್ನು ಹೊತ್ತುಕೊಂಡು ಹೋಗುತ್ತಿತ್ತು. ಉಳಿದ ಮೀನಿನವರು ಹವೆ ನೋಡಿ ಹಿಂದಿನ ದಿನವೇ ತಮ್ಮ ಡೇರೆ ಕಿತ್ತುಕೊಂಡು ಹೋಗಿದ್ದರು. ಅಲೀಮ, ಇವತ್ತೊಂದು ದಿನ, ಇನ್ನು ಮುಂದಿನ ವರ್ಷಾನೇ, ಎಂದಿದ್ದ. ಮೊದಲು ಹೆಪ್ಪಿನಲ್ಲಿ ಒಂದು ಗೆರೆ ಕಂಡಿತು. ಬಿಳಿಯ ಗೋಡೆಯ ಮೇಲೆ ಯಾರೋ ಕಾಡಿಗೆಯ ಬೆರಳು ಎಳೆದಂತೆ, ಬೆಂಚಿಗೂ ಅಲೀಮನಿಗೂ ನಡುವೆ ಅಡ್ಡಡ್ಡ, ಸದ್ದಿಲ್ಲದೆ. ಗೆರೆ ಅಂಗೈಯಗಲವಾಯಿತು. ಅಂಗೈ ಮೊಳವಾಯಿತು. ಆಗಲೂ ಅಲೀಮ ಎದ್ದು ನಾಲ್ಕು ಹೆಜ್ಜೆ ಓಡಿ ಬಂದಿದ್ದರೆ ದಾಟಬಹುದಿತ್ತು, ಮೊಳದ ನೀರನ್ನು ಕೂಸೂ ದಾಟುತ್ತದೆ. ಕಲ್ಲಿನಾಥ ಎದ್ದು ನಿಂತ. ಬಾಯಿ ತೆರೆದ. ಹೆಸರು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಆ ಹೆಪ್ಪಿನ ಹಾಸು, ಹರಿಗೋಲು ದಂಡೆ ಬಿಡುವಾಗ ಹೇಗೆ ಒಮ್ಮೆ ಮೆಲ್ಲಗೆ ತನ್ನ ಸುತ್ತ ತಾನೇ ತಿರುಗಿ ಆಮೇಲೆ ದಾರಿ ಹಿಡಿಯುತ್ತದೋ, ಹಾಗೇ ತಿರುಗಿತು. ಅಲೀಮನ ಬೆನ್ನು ಒಂದಿಷ್ಟು ವಾಲಿ ಮತ್ತೆ ನೆಟ್ಟಗಾಯಿತು. ಕಲ್ಲಿನಾಥನ ಬಾಯಿ ಮುಚ್ಚಿಕೊಂಡಿತು.

ಹರಿಗೋಲು ದಂಡೆ ಬಿಟ್ಟ ಮೇಲೆ ಹಿಂದಿನಿಂದ ಹೆಸರು ಹಿಡಿದು ಕರೆಯಬಾರದು. ಹುಟ್ಟು ಕೈಗೆ ಕೊಡುವ ಮೊದಲು ಅಪ್ಪ ಕಲಿಸಿದ್ದು ಅದನ್ನೇ. "ಕರದರ ಹೊಳಿಗೆ ಹೆಸರು ಗೊತ್ತಾಗತೈತಿ. ಹೆಸರು ಗೊತ್ತಾದದ್ದನ್ನ ಹೊಳಿ ಬಿಡಂಗಿಲ್ಲ." ಹತ್ತು ವರ್ಷದವನಿದ್ದಾಗ ಕಣ್ಣಾರೆ ಕಂಡಿದ್ದ. ಗಂಡನ ಮನೆಗೆ ಹೊರಟ ಶಿವಲಿಂಗಮ್ಮನನ್ನು ಅವಳ ತಾಯಿ, ಬುತ್ತಿ ಮರೆತಳೆಂದು ದಂಡೆಯಿಂದ ಕೂಗಿದಳು. ಹುಡುಗಿ "ಯವ್ವಾ" ಎಂದು ಎದ್ದು ತಿರುಗಿದಳು. ದುಂಡನೆಯ ಹರಿಗೋಲಿಗೆ ಅಷ್ಟು ಸಾಕು. ಅವಳು ಮೂರನೆಯ ದಿನ ಸಿಕ್ಕಳು. ಅಪ್ಪ ಆ ಮೂರೂ ದಿನ ಅನ್ನ ಮುಟ್ಟಲಿಲ್ಲ. ಅದನ್ನು ಕಲ್ಲಿನಾಥ ಕಲಿತದ್ದು ತಲೆಯಿಂದಲ್ಲ, ಮೈಯಿಂದ. ಬೆಂಕಿ ಕಂಡರೆ ಕೈ ಹಿಂದೆ ಬರುವ ಹಾಗೆ ಗಂಟಲು ಹಿಂದೆ ಸರಿದಿತ್ತು. ಇದು ಹರಿಗೋಲಲ್ಲ, ಇದರಲ್ಲಿ ಅಂಬಿಗನಿಲ್ಲ, ಇದು ಯಾವ ದಂಡೆಗೂ ಮುಟ್ಟುವುದಿಲ್ಲ ಎಂಬುದು ಅರಿವಿಗೆ ಬರುವ ಹೊತ್ತಿಗೆ ನಡುವೆ ಒಂದು ಮನೆ ಕಟ್ಟುವಷ್ಟು ನೀರು ಕಪ್ಪಗೆ ಅಲುಗಾಡುತ್ತಿತ್ತು. ಅಲೀಮ ತಾನಾಗಿ ತಿರುಗಿದ. ಎದ್ದು ಅಂಚಿನವರೆಗೆ ಬಂದ. ಬಕೆಟ್ ಕೈಯಲ್ಲೇ ಇತ್ತು. ನೀರನ್ನು ನೋಡಿದ, ಕಲ್ಲಿನಾಥನನ್ನು ನೋಡಿದ, ಒಂದು ಕೈ ಎತ್ತಿದ. ಬಾ ಎಂದೋ, ಹೋಗುತ್ತೇನೆಂದೋ, ಹೆದರಬೇಡ ಎಂದೋ. ಈ ನಾಲ್ಕು ತಿಂಗಳಲ್ಲಿ ಆ ಕೈಗೆ ಕಲ್ಲಿನಾಥ ಒಂದೊಂದು ದಿನ ಒಂದೊಂದು ಅರ್ಥ ಕೊಟ್ಟು ನೋಡಿದ್ದ. ಯಾವುದೂ ಕೂರಲಿಲ್ಲ.

ಕಲ್ಮೇಶ್ ಮೀಟಿಂಗಿನಲ್ಲಿದ್ದ. ಮೂರನೆಯ ಸಲಕ್ಕೆ ಫೋನೆತ್ತಿದ. "ಏನಾತ್ರೀ ಅಪ್ಪಾ? ಅಂಕಲ್ ಎಲ್ಲಿ ಅದಾರ?" "ಹರಿಗೋಲಿನ್ಯಾಗ" ಎಂದ ಕಲ್ಲಿನಾಥ. ಬೇರೆ ಮಾತು ಬರಲಿಲ್ಲ. "ಹರಿಗೋಲು? ಇಲ್ಲೆಲ್ಲಿ ಹರಿಗೋಲು? ಅಪ್ಪಾ, ಕರೆಕ್ಟಾಗಿ ಹೇಳ್ರಿ!" ಕರೆಕ್ಟಾದ ಮಾತಿಗೆ ತಡಕಾಡುತ್ತ ಎಷ್ಟು ನಿಮಿಷ ಹೋಯಿತೋ. ಕಡೆಗೆ "ಐಸು ಮುರದೈತಿ, ಅಲೀಮ ಅದರ ಮ್ಯಾಲ ಹೊಂಟಾನ" ಎಂದ. ಕಲ್ಮೇಶ್ ಫೋನು ಮಾಡಿದ ಮೇಲೆ ರಕ್ಷಣೆಯವರ ಹೆಲಿಕಾಪ್ಟರ್ ಬಂತು. ಅವರು ತಡ ಮಾಡಲಿಲ್ಲ. ಆದರೆ ಗಾಳಿ ಅವರಿಗಿಂತ ಮೊದಲು ಆ ಹಾಸನ್ನು ರೊಟ್ಟಿ ಮುರಿದಂತೆ ಮುರಿದಿತ್ತು. ಸಂಜೆಗೆ ಅಲೀಮನನ್ನು ತಂದು ದಂಡೆಯಲ್ಲಿ ಮಲಗಿಸಿದರು.

ಆ ಮಧ್ಯಾಹ್ನ, ಇನ್ನೂ ಹುಡುಕುತ್ತಿದ್ದಾಗಲೇ, ಒಬ್ಬ ಎಳೆಯ ಪೊಲೀಸಿನವನು ಮಂಡಿಯೂರಿ ಕೂತು ಮೆತ್ತಗೆ ಏನೋ ಕೇಳಿದ್ದ. ಕಲ್ಮೇಶ್ ಕನ್ನಡಿಸಿದ: "ನೀವು ಅಂಕಲ್‌ನ ಕರದಿರೇನ್ರಿ ಅಂತ ಕೇಳಾಕತ್ತಾರ." ಕಲ್ಲಿನಾಥ ಮಗನ ಮುಖ ನೋಡಿದ. ಎಂಜಿನಿಯರ್ ಮಗ, ಕೊರಳಲ್ಲಿ ಪ್ಲಾಂಟಿನ ಬ್ಯಾಡ್ಜು, ಕಣ್ಣು ಕೆಂಪು. ಆ ಮುಖಕ್ಕೆ ಹೊಳೆಯ ಪದ್ಧತಿಯನ್ನು ಹೇಗೆ ಹೇಳುವುದು? "ಮೂರು ಸಲ ಕರದೆ. ಅವಗ ಕೇಳಲಿಲ್ಲ" ಎಂದ. ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ಪೊಲೀಸಿನವನು ಬರೆದುಕೊಂಡ. ಇಂಗ್ಲಿಷಿಗೆ ಹೋದ ಮಾತು ತಿರುಗಿ ಬರಲಿಲ್ಲ. ಖಬರಸ್ತಾನದಲ್ಲಿ ಮಣ್ಣು ಕೊಡುವಾಗ ಪರಿಚಯವಿಲ್ಲದವರೂ ಹೆಗಲು ಮುಟ್ಟಿ, "ಅಂಕಲ್, ನೀವು ಮೂರು ಸಲ ಕೂಗಿದ್ರಂತೆ, ಇನ್ನೇನು ಮಾಡೋಕಾಗತ್ತೆ" ಎಂದರು. ಮೊಮ್ಮಗಳು ಅಕ್ಷರಾ ತನ್ನ ಗೆಳತಿಗೆ ಫೋನಿನಲ್ಲಿ ಅದನ್ನೇ ಹೇಳುವುದು ಅವನ ಕಿವಿಗೆ ಬಿತ್ತು. ಥ್ರೀ ಟೈಮ್ಸ್ ಎನ್ನುವಾಗ ಮೂರು ಬೆರಳು ಎತ್ತಿದ್ದಳು. ಪೊಲೀಸರ ರಿಪೋರ್ಟು ಮನೆಗೆ ಬಂದ ದಿನ ಅವನು ಮಗನನ್ನು ಕೇಳಿದ್ದ, ಆ ತೇಲುವ ಹಾಸಿಗೆ ಅವರು ಏನಂತ ಬರೆದಿದ್ದಾರೆ? "ಫ್ಲೋ, ಅಪ್ಪಾ. ಐಸ್ ಫ್ಲೋ." ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ, ಅವನು ಆ ಮಾತನ್ನು ಬಾಯಿಪಾಠ ಮಾಡಿದ. ಫ್ಲೋ. ಹಲ್ಲಿಗೆ ತುಟಿ ಮುಟ್ಟಿ ಗಾಳಿಯಾಗಿ ಹೋಗಿಬಿಡುವ ಮಾತು. ಆ ದಿನ ಈ ಮಾತು ಬಾಯಲ್ಲಿದ್ದಿದ್ದರೆ ಅದು ಹರಿಗೋಲಾಗುತ್ತಿರಲಿಲ್ಲ, ಹರಿಗೋಲಾಗದಿದ್ದರೆ ಗಂಟಲು ಮುಚ್ಚುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ತಪ್ಪನ್ನು ಒಂದು ಮಾತಿನ ತಲೆಗೆ ಕಟ್ಟಿ ತಾನು ದಂಡೆಗೆ ಹಾರಿಕೊಳ್ಳುತ್ತಿದ್ದೇನೆ ಎನ್ನಿಸಿ, ನಲ್ಲಿ ನಿಲ್ಲಿಸಿದ್ದ.

ಮೆಂತ್ಯದ ಡಬ್ಬಿ ಹಿಡಿದು ಅವನು ಹೋದಾಗ ಫರೀದಾಳ ಮನೆ ಬರಿದಾಗಿತ್ತು. ಗೋಡೆಯ ಮೇಲೆ ಗಡಿಯಾರ ತೆಗೆದ ಜಾಗ ದುಂಡಗೆ ಬೆಳ್ಳಗಿತ್ತು. ಹಾದಿಯಾ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತ, "ಬನ್ನಿ ಅಂಕಲ್, ಅಮ್ಮೀ ವರಾಂಡದಲ್ಲಿದಾರೆ. ಟ್ರಾಫಿಕ್ ಶುರುವಾಗೋಕೆ ಮುಂಚೆ ಹೊರಡ್ಬೇಕು, ಸ್ವಲ್ಪ ಬೇಗ" ಎಂದಳು. ವರಾಂಡದ ಮೆಟ್ಟಿಲ ಮೇಲೆ ಕೂತಿದ್ದ ಫರೀದಾ ಸೆರಗು ಸರಿಮಾಡಿಕೊಂಡು ಎದ್ದಳು. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಇಳಿದುಹೋಗಿದ್ದಳು.

"ಬರ್ರಿ ಕಲ್ಲಣ್ಣಾ. ಕುಂದರ್ರಿ. ಮತ್ತ ಮೆಂತೆ ತಂದಿರೇನು? ಹಾದಿಯಾ, ಕಾರು ನಾರತೈತಿ ಅಂತ ಬೈತಾಳ ನನಗ."

"ಬೈಲಿ ಬಿಡವ್ವಾ. ಊರು ಮುಟ್ಟೂತನಕ ವಾಸನಿ ಇರಲಿ."

ನಕ್ಕು, ಮತ್ತೆ ಕೂತಳು. ಆ ನಗೆಯ ಹಿಂದೆಯೇ ಹೇಳಿಬಿಡೋಣವೆಂದು ಅವನು ಉಸಿರು ಎಳೆದುಕೊಂಡ. ಅಷ್ಟರಲ್ಲಿ ಅವಳೇ ಮಡಿಲಿನಿಂದ ಒಂದು ಪುಟ್ಟ ಬೂದು ಡಬ್ಬಿ ತೆಗೆದು ಮೆಟ್ಟಿಲ ಮೇಲೆ ಇಟ್ಟಳು. ಕುಂಕುಮದ ಭರಣಿಯಷ್ಟಿತ್ತು. ಮುಚ್ಚಳ ತೆರೆದಳು. ಒಳಗೆ ಎರಡು, ಗೋಡಂಬಿಯ ಹಾಗೆ ಬಾಗಿಕೊಂಡಿದ್ದವು. ಅಲೀಮನ ಕಿವಿಯ ಮಷಿನ್.

"ನಿಮಗ ಒಂದು ಹೇಳಬೇಕಾಗಿತ್ರಿ. ಇದ್ದತ್ ಮುಗೀಲಿ ಅಂತ ಕಾದೀನಿ. ಯಾರಿಗೂ ಹೇಳಿಲ್ಲ, ಹಾದಿಯಾಗೂ." ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. "ಆ ದಿವಸ ಮುಂಜಾನೆ ನಾನ ಅವರ ಕಿವಿಯಿಂದ ಬಿಚ್ಚಿ ಇಟ್ಟುಕೊಂಡೆ. ಹೊಸಾವು, ನೀರಾಗ ಬಿದ್ದರ ಹೋದವು, ಇಲ್ಲೇ ಇಟ್ಟು ಹೋಗ್ರಿ ಅಂದೆ. ನೀ ಬೈಯೂದು ಕೇಳಸದಿದ್ದರ ಚಲೋನ ಆತು ಅಂತ ನಕ್ಕೊಂತ ಹೋದ್ರು. ನೀವು ಮೂರು ಸಲ ಕರದೀರಿ. ಅವರಿಗೆ ಕೇಳಲಿಲ್ಲ. ಯಾಕ ಕೇಳಲಿಲ್ಲ ಅಂತ ನನಗೊಬ್ಬಾಕಿಗೇ ಗೊತ್ತು ಕಲ್ಲಣ್ಣಾ. ದಿನಾ ಐದೂ ನಮಾಜಿನ್ಯಾಗ ಅದನ್ನ ಕೇಳಕೋತೀನಿ, ಮಾಫ್ ಮಾಡು, ನಾ ಕಿವಿ ಕಿತ್ತುಕೊಂಡೆ ಅಂತ. ಮೂರು ಸಲ ಕರದೀರಿ ನೀವು. ಮೂರು ಸಲ."

ಕಲ್ಲಿನಾಥನ ಎದೆಯೊಳಗೆ ಮೊದಲು ಆದದ್ದು ಹಗುರ. ಅದನ್ನು ಅವನಿಗೆ ಆಮೇಲೆ ಎಂದೂ ತನ್ನಿಂದಲೇ ಮುಚ್ಚಿಡಲಾಗಲಿಲ್ಲ. ಕರೆದಿದ್ದರೂ ಕೇಳುತ್ತಿರಲಿಲ್ಲ! ಕಿವಿಯೇ ಇರಲಿಲ್ಲ ಅವನಿಗೆ! ನಾಲ್ಕು ತಿಂಗಳಿನಿಂದ ಬಾಗಿಲಿಲ್ಲದ ಕೋಣೆಯಲ್ಲಿ ತಿರುಗುತ್ತಿದ್ದವನಿಗೆ ಗೋಡೆಯೇ ತೆರೆದು ದಾರಿ ಬಿಟ್ಟಂತಾಯಿತು. ಸುಮ್ಮನೆ "ಹೋಗಲಿ ಬಿಡವ್ವಾ, ಅವನ ಗಳಿಗಿ ಅಷ್ಟೇ ಇತ್ತು" ಎಂದರೆ ಸಾಕು, ಎದ್ದು ಮನೆಗೆ ಹೋಗಬಹುದು, ಉಣ್ಣಬಹುದು, ಮಲಗಬಹುದು. ಮಾತು ನಾಲಿಗೆಯವರೆಗೂ ಬಂತು. ಆಗ ಅವಳ ಕೈ ಕಣ್ಣಿಗೆ ಬಿತ್ತು. ಹೆಬ್ಬೆರಳು ಡಬ್ಬಿಯ ಮುಚ್ಚಳವನ್ನು ತೆರೆದು, ಮುಚ್ಚಿ, ತೆರೆದು, ಮುಚ್ಚಿ ಮಾಡುತ್ತಿತ್ತು. ಮುಚ್ಚಳದ ಬಣ್ಣ ಆ ಜಾಗದಲ್ಲಿ ಸವೆದುಹೋಗಿತ್ತು. ನಾಲ್ಕು ತಿಂಗಳಿಗೆ ಸವೆಯಬೇಕಾದರೆ ಎಷ್ಟು ಸಲ ತೆರೆದಿರಬೇಕು? ಮೊಳದಗಲದ ನೀರು, ಎಂದುಕೊಂಡ ಕಲ್ಲಿನಾಥ. ಇನ್ನೂ ಮೊಳದಗಲ. ಈಗ ಕರೆಯದಿದ್ದರೆ ಇವಳೂ ಹೋದಳು.

"ಫರೀದವ್ವಾ," ಎಂದ. "ನಾ ಕರೀಲಿಲ್ಲ."

ಅವಳಿಗೆ ತಿಳಿಯಲಿಲ್ಲ. "ಏನಂದ್ರಿ?"

"ಮೂರು ಸಲ ಅಲ್ಲ. ಒಮ್ಮಿನೂ ಕರೀಲಿಲ್ಲ. ಪೊಲೀಸಿಗೆ ಸುಳ್ಳು ಹೇಳಿದೆ. ಎಲ್ಲಾರಿಗೂ ಸುಳ್ಳು ಹೇಳಿದೆ." ಗೆರೆ ಕಂಡದ್ದು, ಅದು ಮೊಳವಾದದ್ದು, ಹೆಪ್ಪು ತಿರುಗಿದ್ದು, ಅಪ್ಪನ ಮಾತು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣದಾಗಿ, ಎಷ್ಟು ಹುಚ್ಚಾಗಿ ಕೇಳುತ್ತಿದೆ ಎಂದು ಅವನಿಗೇ ಕೇಳಿಸಿತು. ಈ ಬಿಸಿಲಿನಲ್ಲಿ, ಹಸಿರು ಹುಲ್ಲಿನ ಮುಂದೆ, ಎದುರು ಮನೆಯವನು ಹುಲ್ಲಿಗೆ ನೀರು ಬಿಡುತ್ತಿರುವಾಗ, ಹೊಳೆಗೆ ಹೆಸರು ಗೊತ್ತಾಗುತ್ತದೆ ಎನ್ನುವ ಮಾತು. "ನಿನ್ನ ಮಷಿನ್ನಿನ ತಪ್ಪಿಲ್ಲವ್ವಾ. ಕೇಳೂದಕ್ಕ ಅಲ್ಲಿ ಏನೂ ಇರಲಿಲ್ಲ."

ಫರೀದಾಳ ಹೆಬ್ಬೆರಳು ನಿಂತಿತು. ಅಳುತ್ತಾಳೆಂದುಕೊಂಡ, ಅಳಲಿಲ್ಲ. ಬೈಯಲೆಂದು ಬೇಡಿಕೊಂಡ, ಬೈಯಲಿಲ್ಲ.

"ನಾಕು ತಿಂಗಳ ಹತ್ತು ದಿನಾ," ಎಂದಳು, ಎಣಿಸಿ ನೋಡಿದವಳಂತೆ. "ದಿನಾ ನೀವು ಕರಿಯೂದು ನನಗ ಕೇಳಸತಿತ್ರಿ ಕಲ್ಲಣ್ಣಾ. ಅಲೀಮಾ, ಅಲೀಮಾ, ಅಲೀಮಾ. ಕಡೀಗೆ ಒಬ್ಬರು ಅವರ ಹೆಸರು ಹಿಡದು ಕರದರಲ್ಲಾ, ಅಷ್ಟರೆ ಆತಲ್ಲಾ ಅಂತ ಇದ್ದೆ." ಬೂದು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, "ಅದೂ ಇಲ್ಲ" ಎಂದಳು.

ಅವಳ ತಲೆಯ ಮೇಲಿನ ಕಲ್ಲನ್ನು ತೆಗೆದೆನೆಂದುಕೊಂಡಿದ್ದ. ಕಲ್ಲಿನ ಕೆಳಗೆ ಅವಳು ಇಟ್ಟುಕೊಂಡಿದ್ದದ್ದೂ ಅದರ ಜೊತೆಗೇ ಕಿತ್ತು ಬಂದಿತ್ತು.

"ಅಮ್ಮೀ, ಲೆಟ್ಸ್ ಗೋ!" ಹಾದಿಯಾ ಕಾರಿನ ಹಿಂಬಾಗಿಲು ಮುಚ್ಚಿದಳು. ಫರೀದಾ ಕೈಯೂರಿ ಎದ್ದಳು. ಮೆಂತ್ಯದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದುಕೊಂಡಳು, ಅದನ್ನು ಬೇಡವೆನ್ನಲಿಲ್ಲ. ಎರಡು ಮೆಟ್ಟಿಲು ಇಳಿದು, ಮುಖ ತಿರುಗಿಸದೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಹೊಂಟೇನ್ರಿ. ಹಿಂದಿಂದ ಕರೀಬ್ಯಾಡ್ರಿ ಮತ್ತ."

ಕಾರಿನ ಬಾಗಿಲು ಮುಚ್ಚಿತು. ಆಗ ಕಲ್ಲಿನಾಥ ನೋಡಿದ, ಬೂದು ಡಬ್ಬಿ ಮೆಟ್ಟಿಲ ಮೇಲೆಯೇ ಇತ್ತು. ಮರೆತಳೋ, ಬಿಟ್ಟಳೋ. ಕಾರು ಇನ್ನೂ ಹಿಂದೆ ಸರಿಯುತ್ತಿತ್ತು. ಕಿಟಕಿಯ ಗಾಜು ಅರ್ಧ ಇಳಿದಿತ್ತು, ಒಂದು ಕೂಗಿಗೆ ನಿಲ್ಲುವಷ್ಟು ಹತ್ತಿರ. ಡಬ್ಬಿಯನ್ನು ಎತ್ತಿಕೊಂಡು ಹುಲ್ಲಿನ ಅಂಚಿನವರೆಗೆ ಬಂದ. ಹೆಸರು ಗಂಟಲಿಗೆ ಬಂದಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಕಾರು ಬೀದಿಗಿಳಿದು, ಮೆಲ್ಲಗೆ ಒಮ್ಮೆ ತಿರುಗಿ, ದಾರಿ ಹಿಡಿಯಿತು. ಕಲ್ಲಿನಾಥ ಒಂದು ಕೈ ಎತ್ತಿದ. ಮಾರ್ಚಿನಲ್ಲಿ ಅಲೀಮ ಹೋದ. ಜುಲೈ ಹದಿನಾರು, ಗುರುವಾರ, ಹನ್ನೊಂದು ಗಂಟೆಗೆ ಫರೀದಾ ಹೋದಳು.